ಮಕ್ಕಳ ಶಾರ್ಟ್ ಫಿಲ್ಮ್, ಫೋಟೋ ಸ್ಪರ್ಧೆ: ಫಾರ್ಮ್ ತುಂಬೋ ಮುಂಚೆ ಇಷ್ಟು ನೋಡ್ಕೊಳ್ಳಿ

ನವೆಂಬರ್ ಹತ್ರ ಬಂತು ಅಂದ್ರೆ ರಾಜ್ಯೋತ್ಸವ, ಮಕ್ಕಳ ದಿನಾಚರಣೆ ಅಂತ ಸ್ಪರ್ಧೆಗಳ ಸುಗ್ಗಿ ಶುರು, ಶಾರ್ಟ್ ಫಿಲ್ಮ್, ರೀಲ್ಸ್, ಫೋಟೋಗ್ರಫಿ, ಪಾಡ್‌ಕಾಸ್ಟ್, ಗೋಡೆ ಪತ್ರಿಕೆ ಹೀಗೆ. ಅದರ ಜೊತೆಗೇ ನನಗೆ ಬರೋ ಮೆಸೇಜ್‌ಗಳೂ ಶುರು, ಎಲ್ಲವೂ ಒಂದೇ ಥರ. "ಮಗಳು ಫಿಲ್ಮ್ ಕಳಿಸ್ಬೇಕು ಅಂತಿದಾಳೆ, ಫಾರ್ಮ್‌ನಲ್ಲಿ ಆಧಾರ್ ಕೇಳ್ತಿದೆ, ಹಾಕ್ಲಾ?" "ಟೀಚರ್ ಜನ್ಮ ಪ್ರಮಾಣಪತ್ರ ವಾಟ್ಸಾಪ್ ಗ್ರೂಪ್‌ಗೇ ಹಾಕಿ ಅಂದಿದಾರೆ, ಪರವಾಗಿಲ್ವಾ?" ಒಬ್ಬೊಬ್ರಿಗೇ ಉತ್ತರ ಬರೆಯೋದಕ್ಕಿಂತ ಒಂದೇ ಕಡೆ ಬರೆದಿಡ್ತೀನಿ, ಬೇಕಾದವರು ನೋಡ್ಕೊಂಡು ಫಾರ್ಮ್ ತುಂಬಿ.

ಮಕ್ಕಳನ್ನ ಸ್ಪರ್ಧೆಗೆ ಕಳಿಸ್ಬೇಡಿ ಅಂತ ನಾನು ಯಾವತ್ತೂ ಹೇಳಲ್ಲ. ಎಂಟನೇ ಕ್ಲಾಸಿನ ಹುಡುಗಿ ಅಪ್ಪನ ಫೋನಲ್ಲಿ ಅಜ್ಜಿ ರೊಟ್ಟಿ ತಟ್ಟೋದನ್ನ ಶೂಟ್ ಮಾಡಿ, ತಾನೇ ಎಡಿಟ್ ಮಾಡಿ ಕಳಿಸ್ತಾಳೆ ಅಂದ್ರೆ ಅದನ್ನ ತಡೆಯೋಕೆ ಯಾರಿಗೆ ಮನಸ್ಸು ಬರತ್ತೆ. ಆದ್ರೆ ಸ್ಪರ್ಧೆಗೆ ಬೇಕಿರೋದು ಮಗು ಮಾಡಿದ ಕೆಲಸ, ಮಗುವಿನ ಜಾತಕ ಅಲ್ಲ. ಕೆಳಗೆ ಬರೆದಿರೋದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಕಾನೂನು ಏನ್ ಹೇಳತ್ತೆ ಅಂತ ಚಿಕ್ಕದಾಗಿ ತಿಳ್ಕೊಂಡ್ಬಿಡಿ, ಮುಂದೆ ಯಾರ ಹತ್ರನಾದ್ರೂ ಮಾತಾಡುವಾಗ ಬೇಕಾಗತ್ತೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಎಲ್ಲರೂ ಡಿಪಿಡಿಪಿ ಅಂತಾರೆ. ವೈಯಕ್ತಿಕ ದತ್ತಾಂಶ ಅಂದ್ರೆ ಇದು ಇಂಥವರೇ ಅಂತ ಗುರುತು ಹಿಡಿಯೋಕಾಗೋ ಯಾವುದೇ ಮಾಹಿತಿ. ಹೆಸರು, ಫೋಟೋ, ಫೋನ್ ನಂಬರ್ ಎಲ್ಲಾ ಅದರಲ್ಲೇ ಬರತ್ತೆ. ಈ ಕಾಯ್ದೆ ಪ್ರಕಾರ 18 ವರ್ಷ ತುಂಬದೇ ಇರೋ ಎಲ್ಲರೂ ಮಕ್ಕಳೇ, ಪಿಯುಸಿ ಹುಡುಗರೂ ಸೇರಿ. ಅವರ ಮಾಹಿತಿ ತಗೊಳ್ಳೋ ಮುಂಚೆ ಅಪ್ಪ ಅಮ್ಮ ಅಥವಾ ಪೋಷಕರ ಒಪ್ಪಿಗೆ ಬೇಕು, ಅದೂ ಒಪ್ಪಿದವರು ನಿಜವಾಗ್ಲೂ ಪೋಷಕರೇನಾ ಅಂತ ಖಾತ್ರಿ ಮಾಡ್ಕೊಳ್ಳೋ ಥರದ ಒಪ್ಪಿಗೆ. ಮಕ್ಕಳನ್ನ ಗುರಿ ಮಾಡಿ ಜಾಹೀರಾತು ತೋರಿಸೋ ಹಾಗಿಲ್ಲ. ಮಕ್ಕಳ ವಿಷಯದ ಈ ನಿಯಮಗಳನ್ನ ಮುರಿದ್ರೆ ದಂಡ 200 ಕೋಟಿ ತನಕ ಹೋಗಬಹುದು. ಕಾಯ್ದೆನ ಜಾರಿಗೆ ತರೋ ವಿವರವಾದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟ ಆದ್ವು, ಆದ್ರೆ ಒಪ್ಪಿಗೆ, ಅಳಿಸೋದು ಇತ್ಯಾದಿ ಮುಖ್ಯ ಭಾಗಗಳಿಗೆ 18 ತಿಂಗಳ ಸಮಯ ಕೊಟ್ಟಿದಾರೆ, ಅಂದ್ರೆ 2027ರ ಮೇ ತಿಂಗಳು. ಅಲ್ಲೀತನಕ ನಮ್ಮ ಹುಷಾರಿ ನಮ್ಮ ಕೈಯಲ್ಲೇ ಇರಬೇಕು, ಆಮೇಲೂ ಅಷ್ಟೇ ಅನ್ನಿ.

ಹಂತ 1. ಯಾರು ನಡೆಸ್ತಿದಾರೆ ನೋಡಿ

ಪೋಸ್ಟರ್ ನೋಡಿದ ತಕ್ಷಣ ಲಿಂಕ್ ಒತ್ಬೇಡಿ. ಸಂಸ್ಥೆ ಹೆಸರು, ವಿಳಾಸ, ಮಾತಾಡೋಕೆ ಒಬ್ಬ ಮನುಷ್ಯನ ಹೆಸರು, ನಿಯಮಗಳ ಪುಟ ಈ ನಾಲ್ಕೂ ಇದೆಯಾ ನೋಡಿ. ಯಾವುದೋ ಇಲಾಖೆ ಅಥವಾ ಪತ್ರಿಕೆ ಹೆಸರಿದ್ರೆ, ಪೋಸ್ಟರ್‌ನಲ್ಲಿರೋ ನಂಬರ್‌ಗೆ ಅಲ್ಲ, ಅವರ ಅಧಿಕೃತ ವೆಬ್‌ಸೈಟ್‌ನಲ್ಲಿರೋ ನಂಬರ್‌ಗೆ ಫೋನ್ ಮಾಡಿ ಕೇಳಿ. ಸರ್ಕಾರದ ಲಾಂಛನ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡಿ ಪೋಸ್ಟರ್‌ಗೆ ಅಂಟಿಸಬಹುದು, ಅದನ್ನ ನಂಬ್ಕೊಂಡು ಕೂರ್ಬೇಡಿ. ಗೂಗಲ್ ಫಾರ್ಮ್ ಆದ್ರಂತೂ ಐದೇ ನಿಮಿಷದ ಕೆಲಸ, ಫಾರ್ಮ್ ಕೆಳಗೆ ಇದು ಗೂಗಲ್ ಮಾಡಿದ್ದಲ್ಲ, ಗೂಗಲ್ ಇದನ್ನ ಅನುಮೋದಿಸಿಲ್ಲ ಅನ್ನೋ ಅರ್ಥದ ಸಾಲು ಇರತ್ತೆ, ಯಾರೂ ಓದಲ್ಲ.

ಇನ್ನೊಂದು. ಫೋಟೋ ಕಳಿಸಿ, ನಾವು ಪೇಜ್‌ನಲ್ಲಿ ಹಾಕ್ತೀವಿ, ಯಾರಿಗೆ ಜಾಸ್ತಿ ಲೈಕ್ ಬಂತೋ ಅವರು ವಿನ್ನರ್ ಅನ್ನೋ ಸ್ಪರ್ಧೆಗಳಿಗೆ, ಅದ್ರಲ್ಲೂ ಪುಟ್ಟ ಮಕ್ಕಳ "ಮುದ್ದು ಕಂದ" ಥರದ್ದಕ್ಕೆ, ನನ್ನ ಕೇಳಿದ್ರೆ ಕಳಿಸಲೇಬೇಡಿ. ಮಗುವಿನ ಮುಖ, ಹೆಸರು, ವಯಸ್ಸು, ಊರು ಒಂದೇ ಪೋಸ್ಟ್‌ನಲ್ಲಿ, ಅದನ್ನ ಊರಿಗೆಲ್ಲ ಶೇರ್ ಮಾಡೋ ಕೆಲಸಾನೂ ನಿಮ್ಮದೇ.

ಹಂತ 2. ದೊಡ್ಡವರ ಇಮೇಲ್, ದೊಡ್ಡವರ ನಂಬರ್

ಮಗುವಿನ ಸ್ವಂತ ಇಮೇಲ್, ಮಗುವಿನ ವಾಟ್ಸಾಪ್ ನಂಬರ್ ಕೊಡೋದು ಬೇಡ. ನಿಮ್ಮದು ಕೊಡಿ, ಸಾಧ್ಯ ಆದ್ರೆ ಸ್ಪರ್ಧೆಗಳಿಗೆ ಅಂತಲೇ ಒಂದು ಬೇರೆ ಜಿಮೇಲ್ ಮಾಡಿಟ್ಕೊಳ್ಳಿ. ಜಿಮೇಲ್‌ನಲ್ಲಿ ಒಂದು ಉಪಾಯ ಇದೆ, ವಿಳಾಸದಲ್ಲಿ ಅಟ್ ಚಿಹ್ನೆಗೆ ಮುಂಚೆ ಒಂದು ಪ್ಲಸ್ ಹಾಕಿ ಏನಾದ್ರೂ ಪದ ಸೇರಿಸಿದ್ರೂ ಮೇಲ್ ನಿಮಗೇ ಬರತ್ತೆ. ಒಂದೊಂದು ಸ್ಪರ್ಧೆಗೆ ಒಂದೊಂದು ಪದ ಹಾಕಿದ್ರೆ, ಆರು ತಿಂಗಳಾದ್ಮೇಲೆ ಯಾವುದೋ ಟ್ಯೂಷನ್ ಆ್ಯಪ್‌ನಿಂದ ಮೇಲ್ ಬಂದಾಗ ನಿಮ್ಮ ವಿಳಾಸ ಯಾರ ಕೈಯಿಂದ ಹೋಯ್ತು ಅಂತ ಗೊತ್ತಾಗತ್ತೆ.

ಹಂತ 3. ಫಾರ್ಮ್‌ನ ಒಂದೊಂದೇ ಖಾನೆ

ಮಗುವನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ತುಂಬಿ. ಪ್ರತಿ ಖಾನೆಗೂ ಒಂದೇ ಪ್ರಶ್ನೆ ಕೇಳಿ: ಈ ಮಾಹಿತಿ ಇಲ್ಲದೇ ಇದ್ರೆ ಫಿಲ್ಮ್ ಚೆನ್ನಾಗಿದೆಯಾ ಇಲ್ವಾ ಅಂತ ತೀರ್ಪು ಕೊಡೋಕಾಗಲ್ವಾ?

ಎರಡು ವರ್ಷದ ಹಿಂದೆ ಒಂದು ಸ್ಪರ್ಧೆಗೆ ನಾನು ತೀರ್ಪುಗಾರಳಾಗಿ ಹೋಗಿದ್ದೆ. ಫಿಲ್ಮ್‌ಗಳ ಲಿಂಕ್ ಕಳಿಸಿ ಅಂದ್ರೆ ಅವರು ಪೂರ್ತಿ ಶೀಟನ್ನೇ ನನಗೆ ಕಳಿಸ್ಬಿಟ್ರು. ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಜಾತಿ, ಅಪ್ಪನ ಆದಾಯ, ಆಧಾರ್ ನಂಬರ್, ಕೊನೇ ಕಾಲಂನಲ್ಲಿ ಫಿಲ್ಮ್ ಲಿಂಕ್. ನನಗೆ ಬೇಕಿದ್ದಿದ್ದು ಆ ಕೊನೇ ಕಾಲಂ ಒಂದೇ. ನನ್ನ ಥರ ಇನ್ನೂ ನಾಲ್ಕು ಜನ ತೀರ್ಪುಗಾರರು ಇದ್ರು, ಅವರ ಫೋನಲ್ಲೂ ಅದೇ ಶೀಟ್.

ಹಾಗಾಗಿ ನನ್ನ ಅಳತೆ ಹೀಗಿದೆ. ಹೆಸರು ಕೊಡಿ, ಇನಿಶಿಯಲ್ ಸಾಕು. ತರಗತಿ ಅಥವಾ ವಯಸ್ಸಿನ ಗುಂಪು ಕೊಡಿ, ಜಿಲ್ಲೆ ಅಥವಾ ತಾಲೂಕು ಕೊಡಿ. ಹುಟ್ಟಿದ ದಿನಾಂಕ ಪೂರ್ತಿ ಕೇಳಿದ್ರೆ ವರ್ಷ ಮಾತ್ರ ಸಾಕಾ ಅಂತ ಕೇಳಿ ನೋಡಿ, ಪಾಸ್‌ವರ್ಡ್ ಸೋರಿದ್ರೆ ಬದಲಾಯಿಸಬಹುದು, ಹುಟ್ಟಿದ ದಿನ ಬದಲಾಯಿಸೋಕಾಗಲ್ಲ. ಮನೆ ವಿಳಾಸ ಬೇಡ, ಪ್ರಮಾಣಪತ್ರ ಶಾಲೆಗೇ ಕಳಿಸಲಿ. ಜಾತಿ, ಆದಾಯ, ರಕ್ತದ ಗುಂಪು, ಅಮ್ಮನ ತವರಿನ ಹೆಸರು ಇವಕ್ಕೂ ಕ್ಯಾಮೆರಾಗೂ ಏನೂ ಸಂಬಂಧ ಇಲ್ಲ. ಸ್ಯಾಟ್ಸ್ ನಂಬರ್ ಕೇಳ್ತಾರೆ ಕೆಲವರು, ಅದು ನಮ್ಮ ರಾಜ್ಯದಲ್ಲಿ ಮಗುವಿನ ಶಾಲಾ ದಾಖಲೆಗಳನ್ನೆಲ್ಲ ಒಂದೇ ಕಡೆ ಇಡೋ ವ್ಯವಸ್ಥೆಯ ಐಡಿ, ಶಾಲೆಯಿಂದ ಶಾಲೆಗೆ ಹೋಗಬೇಕಾದ ನಂಬರ್, ಖಾಸಗಿ ಸ್ಪರ್ಧೆಯವರಿಗೆ ಅದು ಯಾಕೆ? ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡೋ ಅಪಾರ್ ಐಡಿನೂ ಅಷ್ಟೇ.

ಖಾನೆಗೆ ಕೆಂಪು ನಕ್ಷತ್ರ ಇದ್ರೆ, ಅಂದ್ರೆ ತುಂಬದೇ ಮುಂದೆ ಹೋಗೋಕೆ ಬಿಡಲ್ಲ ಅಂದ್ರೆ, ಸುಳ್ಳು ಮಾಹಿತಿ ತುಂಬ್ಬೇಡಿ, ಆಮೇಲೆ ಗೆದ್ದಾಗ ಅದೇ ಕಾರಣಕ್ಕೆ ಅನರ್ಹ ಮಾಡಿಬಿಡ್ತಾರೆ. "ಆಯ್ಕೆ ಆದ್ರೆ ಕೊಡ್ತೀವಿ" ಅಂತ ಬರೀರಿ. ಆ ಖಾನೆ ಅಂಕಿ ಬಿಟ್ಟು ಬೇರೇನೂ ತಗೊಳ್ಳಲ್ಲ ಅಂದ್ರೆ ಆಯೋಜಕರಿಗೆ ಮೇಲ್ ಹಾಕಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಜನ "ಹಳೇ ಫಾರ್ಮ್ ಕಾಪಿ ಮಾಡಿದ್ವಿ, ಬಿಡಿ ಪರವಾಗಿಲ್ಲ" ಅಂತಲೇ ಹೇಳಿದಾರೆ.

ಹಂತ 4. ಆಧಾರ್ ಕೇಳಿದ್ರೆ

ಇದೇ ಜಾಸ್ತಿ ಬರೋ ಪ್ರಶ್ನೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳ್ತಲ್ಲ, ಆ ಕೇಸ್ ಹಾಕಿದ್ದು ನಮ್ಮದೇ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, ಅದೂ ಆಧಾರ್ ವಿಷಯಕ್ಕೇ. ಮುಂದೆ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಶಾಲೆ ಅಡ್ಮಿಷನ್‌ಗೂ ಆಧಾರ್ ಕಡ್ಡಾಯ ಮಾಡೋ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಶಾಲೆಗೆ ಸೇರೋಕೇ ಕಡ್ಡಾಯ ಅಲ್ಲದ್ದು ರೀಲ್ಸ್ ಸ್ಪರ್ಧೆಗೆ ಹೇಗೆ ಕಡ್ಡಾಯ ಆಗತ್ತೆ ಅಂತ ಮರ್ಯಾದೆಯಿಂದಲೇ ಕೇಳಿ.

ಅವರಿಗೆ ಬೇಕಿರೋದು ವಯಸ್ಸಿನ ಪುರಾವೆ ತಾನೇ, ಅದಕ್ಕೆ ಮುಖ್ಯ ಶಿಕ್ಷಕರ ಒಂದು ಪತ್ರ ಸಾಕು: "ಈ ವಿದ್ಯಾರ್ಥಿ ನಮ್ಮ ಶಾಲೆಯ 8ನೇ ತರಗತಿಯಲ್ಲಿ ಓದುತ್ತಿದ್ದು, 14 ವರ್ಷದೊಳಗಿನ ವಿಭಾಗಕ್ಕೆ ಅರ್ಹರಾಗಿರುತ್ತಾರೆ." ಸೀಲು, ಸಹಿ. ಇಷ್ಟೇ.

ಏನೇ ಮಾಡಿದ್ರೂ ಆಧಾರೇ ಬೇಕು ಅಂದ್ರೆ ಮಾಸ್ಕ್ಡ್ ಆಧಾರ್ ಕೊಡಿ, ಅಂದ್ರೆ 12 ಅಂಕಿಗಳಲ್ಲಿ ಮೊದಲ 8 ಮರೆಮಾಡಿ ಕೊನೇ 4 ಮಾತ್ರ ಕಾಣೋ ಪ್ರತಿ. ಆಧಾರ್ ಕೊಡೋ ಸಂಸ್ಥೆ ಯುಐಡಿಎಐನ ಮೈಆಧಾರ್ ವೆಬ್‌ಸೈಟ್‌ನಲ್ಲಿ ಒಟಿಪಿ ಹಾಕಿ ಲಾಗಿನ್ ಆಗಿ, ಡೌನ್‌ಲೋಡ್ ಆಧಾರ್ ಒತ್ತಿದಾಗ ಮಾಸ್ಕ್ಡ್ ಅನ್ನೋ ಚೌಕಕ್ಕೆ ಟಿಕ್ ಹಾಕಿ. ಇಲ್ಲಿ ತುಂಬಾ ಜನ ಎಡವೋದು ಎರಡು ಕಡೆ. ಮಾಸ್ಕ್ಡ್ ಪ್ರತಿಯಲ್ಲೂ ಫೋಟೋ, ವಿಳಾಸ, ಹುಟ್ಟಿದ ದಿನ ಹಾಗೇ ಇರತ್ತೆ, ನಂಬರ್ ಮಾತ್ರ ಮರೆ ಆಗೋದು. ಆಮೇಲೆ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ, ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತೆ ಹುಟ್ಟಿದ ವರ್ಷ ಅಂತ ಎಲ್ಲರಿಗೂ ಗೊತ್ತು. ಫೋನಲ್ಲೇ ಪೆನ್ ಟೂಲ್‌ನಿಂದ ನಂಬರ್ ಮೇಲೆ ಕಪ್ಪು ಗೀಚಿ ಕಳಿಸೋರೂ ಇದಾರೆ, ಕೆಲವು ಪೆನ್‌ಗಳು ಹೈಲೈಟರ್ ಥರ, ಬ್ರೈಟ್‌ನೆಸ್ ಏರಿಸಿದ್ರೆ ಕೆಳಗಿನ ಅಂಕಿ ಕಾಣತ್ತೆ. ಗೀಚಲೇಬೇಕು ಅಂದ್ರೆ ಕಾಗದದ ಜೆರಾಕ್ಸ್ ಮೇಲೆ ಕಾಗದ ಅಂಟಿಸಿ ಮತ್ತೆ ಫೋಟೋ ತೆಗೀರಿ.

ಹಂತ 5. ಫೈಲ್ ಒಳಗೆ, ಫ್ರೇಮ್ ಒಳಗೆ ಏನಿದೆ

ಫಾರ್ಮ್‌ನಲ್ಲಿ ಅಷ್ಟೆಲ್ಲ ಹುಷಾರಾಗಿದ್ದು ಫೈಲ್‌ನಲ್ಲೇ ಎಲ್ಲಾ ಕೊಟ್ಟುಬಿಡೋರು ಜಾಸ್ತಿ. ಫೋನಲ್ಲಿ ತೆಗೆದ ಫೋಟೋ ಒಳಗೆ ಕಣ್ಣಿಗೆ ಕಾಣದ ಮಾಹಿತಿ ಕೂತಿರತ್ತೆ, ಯಾವ ಫೋನು, ಯಾವ ದಿನ, ಎಷ್ಟು ಗಂಟೆ, ಲೊಕೇಶನ್ ಆನ್ ಇದ್ರೆ ಯಾವ ಜಾಗ ಅನ್ನೋದೂ ಸೇರಿ. ಇದಕ್ಕೆ ಮೆಟಾಡೇಟಾ ಅಂತಾರೆ. ಮನೆ ಹಿತ್ತಲಲ್ಲಿ ತೆಗೆದ ದಾಸವಾಳದ ಫೋಟೋ ನಿಮ್ಮ ಮನೆ ಇರೋ ಜಾಗಾನ ಮ್ಯಾಪ್‌ನಲ್ಲಿ ತೋರಿಸಬಹುದು. ಈಗಲೇ ನೋಡ್ಬೇಕಾ, ಗೂಗಲ್ ಫೋಟೋಸ್‌ನಲ್ಲಿ ಒಂದು ಫೋಟೋ ತೆರೆದು ಬೆರಳಿಂದ ಮೇಲಕ್ಕೆ ಸರಿಸಿ, ಲೊಕೇಶನ್ ಇದ್ರೆ ಕೆಳಗೆ ಮ್ಯಾಪ್ ಬರತ್ತೆ.

ಏನ್ ಮಾಡ್ಬೇಕು ಅಂದ್ರೆ, ಶೂಟಿಂಗ್ ಶುರು ಮಾಡೋ ಮುಂಚೆಯೇ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಐಫೋನ್ ಆದ್ರೆ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಸರ್ವಿಸಸ್ ಒಳಗೆ ಕ್ಯಾಮೆರಾಗೆ ನೆವರ್ ಅಂತ ಕೊಡಿ. ಈಗಾಗ್ಲೇ ತೆಗೆದಾಗಿದ್ರೆ, ಐಫೋನ್‌ನಲ್ಲಿ ಶೇರ್ ಮಾಡುವಾಗ ಮೇಲ್ಗಡೆ ಆಪ್ಷನ್ಸ್ ಅಂತ ಇರತ್ತೆ, ಅಲ್ಲಿ ಲೊಕೇಶನ್ ತೆಗೀರಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದ್ರೆ ವೈಯಕ್ತಿಕ ಮಾಹಿತಿ ತೆಗೆಯೋ ಲಿಂಕ್ ಕೆಳಗಡೆ ಸಿಗತ್ತೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಲೊಕೇಶನ್ ಹೊರಟುಹೋಗತ್ತೆ, ಆದ್ರೆ ಕ್ವಾಲಿಟಿ ಕೆಡಬಾರದು ಅಂತ ಡಾಕ್ಯುಮೆಂಟ್ ಥರ ಕಳಿಸಿದ್ರೆ ಹಾಗೇ ಇರತ್ತೆ, ಇಮೇಲ್‌ಗೆ ಅಟ್ಯಾಚ್ ಮಾಡಿದ್ರೂ ಹಾಗೇ. ಸ್ಪರ್ಧೆಯವರು ಕೇಳೋದು ಯಾವಾಗ್ಲೂ ಒರಿಜಿನಲ್ ಫೈಲೇ, ಹಾಗಾಗಿ ಇದು ಮುಖ್ಯ.

ಫೈಲ್ ಹೆಸರೂ ನೋಡಿ. ಮಗುವಿನ ಹೆಸರು, ಶಾಲೆ, ಫೋನ್ ನಂಬರ್ ಎಲ್ಲಾ ಸೇರಿಸಿ ಉದ್ದ ಹೆಸರು ಇಡೋದು ಬೇಡ, ಫಿಲ್ಮ್‌ನ ಶೀರ್ಷಿಕೆ ಅಷ್ಟೇ ಇರಲಿ.

ಇನ್ನು ಫ್ರೇಮ್. ಹನ್ನೆರಡು ಸೆಕೆಂಡಿನ ಒಂದು ಶಾಟ್ ಅಂದ್ಕೊಳ್ಳಿ, ಹುಡುಗ ಮನೆಯಿಂದ ಓಡಿಬಂದು ಆಟೋ ಹತ್ತುತಾನೆ. ಒಂದ್ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಗೇಟ್ ಪಕ್ಕ ಮನೆ ನಂಬರ್. ಎದುರಿಗೆ ಬೇಕರಿ ಬೋರ್ಡು, ಅದರ ಕೆಳಗೆ ಏರಿಯಾ ಹೆಸರು. ಅಂಗಿ ಮೇಲೆ ಶಾಲೆ ಲೋಗೋ. ಕೊರಳಲ್ಲಿ ಐಡಿ ಕಾರ್ಡ್, ಅದರಲ್ಲಿ ಅಮ್ಮನ ಮೊಬೈಲ್ ನಂಬರ್. ಬ್ಯಾಗ್ ಮೇಲೆ ಹೆಸರು, ಸೆಕ್ಷನ್. ಆಟೋ ನಂಬರ್ ಪ್ಲೇಟು. ನೆರಳು, ಬಿಸಿಲು ನೋಡಿದ್ರೆ ಬೆಳಗ್ಗೆ ಅಂತ ಗೊತ್ತಾಗತ್ತೆ. ಈ ಹುಡುಗ ದಿನಾ ಯಾವ ಹೊತ್ತಿಗೆ ಎಲ್ಲಿ ನಿಂತಿರ್ತಾನೆ ಅಂತ ಗುರುತೇ ಇಲ್ಲದವನಿಗೂ ತಿಳಿದುಹೋಯ್ತು, ಫಾರ್ಮ್‌ನಲ್ಲಿ ನಾವು ವಿಳಾಸ ಬಿಟ್ಟಿದ್ದು ಏನೂ ಪ್ರಯೋಜನ ಆಗ್ಲಿಲ್ಲ. ಐಡಿ ಕಾರ್ಡ್ ತೆಗೆಸಿ, ಬಣ್ಣದ ಬಟ್ಟೆ ಹಾಕಿಸಿ, ಬೇರೆ ಬೀದಿಯಲ್ಲಿ ಶೂಟ್ ಮಾಡಿ. ಮುಗಿದಿದ್ರೆ ಎಡಿಟಿಂಗ್‌ನಲ್ಲಿ ಬ್ಲರ್ ಮಾಡಿ, ಅಥವಾ ಕ್ರಾಪ್ ಮಾಡಿ. ಕೊನೆಯಲ್ಲಿ ಹೆಸರುಗಳು ಓಡೋವಾಗ ಫೋನ್ ನಂಬರ್, ಇನ್‌ಸ್ಟಾ ಐಡಿ ಹಾಕೋ ಅಭ್ಯಾಸ ಮಕ್ಕಳಿಗಿರತ್ತೆ, ಅದನ್ನೂ ತೆಗೆಸಿ.

ಯೂಟ್ಯೂಬ್ ಲಿಂಕ್ ಕೊಡಿ ಅಂದ್ರೆ ವಿಡಿಯೋವನ್ನ ಅನ್‌ಲಿಸ್ಟೆಡ್ ಅಂತ ಇಡಿ. ಪಬ್ಲಿಕ್ ಅಂದ್ರೆ ಎಲ್ಲರಿಗೂ ಹುಡುಕಿದ್ರೆ ಸಿಗತ್ತೆ, ಅನ್‌ಲಿಸ್ಟೆಡ್ ಅಂದ್ರೆ ಲಿಂಕ್ ಇದ್ದವರಿಗೆ ಮಾತ್ರ, ಆದ್ರೆ ಲಿಂಕ್ ಕೈಬದಲಾದ್ರೆ ಅವರೂ ನೋಡಬಹುದು ಅನ್ನೋದು ನೆನಪಿರಲಿ. ಚಾನೆಲ್ ಹೆಸರು ಮಗುವಿನ ಪೂರ್ಣ ಹೆಸರಲ್ಲಿ ಇರೋದು ಬೇಡ, ಕಾಮೆಂಟ್ ಆಫ್ ಮಾಡಿ.

ಹಂತ 6. ಫಿಲ್ಮ್‌ನಲ್ಲಿರೋ ಬೇರೆ ಮಕ್ಕಳು

ನಿಮ್ಮ ಮಗುವಿನ ಬಗ್ಗೆ ನೀವು ಒಪ್ಪಬಹುದು, ಪಕ್ಕದ ಮನೆ ಹುಡುಗನ ಬಗ್ಗೆ ಅವರ ಅಪ್ಪ ಅಮ್ಮನೇ ಒಪ್ಪಬೇಕು. ಬಾಯಿಮಾತು ಬೇಡ, ಒಂದು ಚೀಟಿಯಲ್ಲಾದ್ರೂ ಸಹಿ ತಗೊಳ್ಳಿ, ಎಲ್ಲೆಲ್ಲಿ ತೋರಿಸ್ತಾರೆ ಅಂತ ಹೇಳಿಯೇ ತಗೊಳ್ಳಿ.

ಸಾಕ್ಷ್ಯಚಿತ್ರ ಮಾಡೋ ಪಿಯುಸಿ ಮಕ್ಕಳಿಗೆ ಇದು ಬಹಳ ಮುಖ್ಯ. ಬಾಲ್ಯವಿವಾಹ, ಬಾಲಕಾರ್ಮಿಕರು, ದೌರ್ಜನ್ಯ ಇಂಥ ವಿಷಯ ತಗೊಂಡು ನಿಜವಾದ ಮಗುವನ್ನ ಕ್ಯಾಮೆರಾ ಮುಂದೆ ಕೂರಿಸ್ತಾರೆ, ಉದ್ದೇಶ ಒಳ್ಳೇದೇ. ಆದ್ರೆ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ವಿಳಾಸ, ಫೋಟೋ, ಕುಟುಂಬದ ವಿವರ, ಶಾಲೆ, ಬೀದಿ ಏನನ್ನೂ ಬಯಲು ಮಾಡೋ ಹಾಗಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕೂಡ ರಕ್ಷಣೆ ಬೇಕಿರೋ ಮಕ್ಕಳು, ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಕ್ಕಳ ಗುರುತಿಗೆ ಇದೇ ಥರ ತಡೆ ಹಾಕಿದೆ. ಮುಖ ಬ್ಲರ್ ಮಾಡಿ ಧ್ವನಿ ಹಾಗೇ ಬಿಡೋದು, ಮುಖ ಮುಚ್ಚಿ ಹಿಂದೆ ಅಮ್ಮನ್ನ ತೋರಿಸೋದು, ಎರಡೂ ತಪ್ಪೇ, ಊರವರಿಗೆ ಅಷ್ಟು ಸಾಕು ಗುರುತು ಹಿಡಿಯೋಕೆ. ಆ ಭಾಗವನ್ನ ಇನ್ನೊಬ್ರ ಧ್ವನಿಯಲ್ಲಿ ಓದಿಸಿ, ಚಿತ್ರ ಬರೆದು ತೋರಿಸಿ. ಸಿನಿಮಾ ದೃಷ್ಟಿಯಿಂದಲೂ ಅದು ಎಷ್ಟೋ ಸಲ ಚೆನ್ನಾಗಿ ಬರತ್ತೆ.

ಹಂತ 7. ಒಪ್ಪಿಗೆ ಪತ್ರ

ನಿಯಮಗಳ ಕೊನೆಯಲ್ಲಿ "ಮಾಹಿತಿ ಹಾಗೂ ಕೃತಿಯನ್ನು ಯಾವುದೇ ಉದ್ದೇಶಕ್ಕೆ, ಯಾವುದೇ ಮಾಧ್ಯಮದಲ್ಲಿ, ಶಾಶ್ವತವಾಗಿ ಬಳಸಬಹುದು" ಅನ್ನೋ ಥರದ ಸಾಲು ಇದ್ರೆ ನಿಂತು ಓದಿ. "ಪ್ರಾಯೋಜಕರೊಂದಿಗೆ ಹಂಚಿಕೊಳ್ಳಬಹುದು" ಅಂದ್ರೆ ನಿಮ್ಮ ನಂಬರ್ ಪ್ರಾಯೋಜಕ ಕಂಪನಿಗೆ ಹೋಗತ್ತೆ ಅಂತ ಅರ್ಥ. ಸ್ಪರ್ಧೆಗೆ ಒಪ್ಪಿಗೆ ಬೇರೆ, ಪ್ರಚಾರಕ್ಕೆ ಫೋಟೋ ಬಳಸೋಕೆ ಒಪ್ಪಿಗೆ ಬೇರೆ, ಎರಡಕ್ಕೂ ಒಂದೇ ಟಿಕ್ ಇಟ್ಟಿದ್ರೆ ಬಿಡಿಸಿ ಕೊಡಿ ಅಂತ ಕೇಳಿ. ಡಿಪಿಡಿಪಿ ಕಾಯ್ದೆಯಲ್ಲಿ ಈ ಸೂಚನೆಯನ್ನ ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ ಓದೋ ಆಯ್ಕೆ ಇರಬೇಕು ಅಂತ ಇದೆ, ಕನ್ನಡ ಅದರಲ್ಲಿದೆ, ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಿ.

ನೀವೇ ಪತ್ರ ಕೊಡೋದಾದ್ರೆ ಇದನ್ನ ಕಾಪಿ ಮಾಡ್ಕೊಳ್ಳಿ:

"ನನ್ನ ಮಗಳ ಹೆಸರು, ತರಗತಿ ಹಾಗೂ ಆಕೆಯ ಚಿತ್ರವನ್ನು ಈ ಸ್ಪರ್ಧೆಯ ತೀರ್ಪು ಮತ್ತು ಪ್ರಮಾಣಪತ್ರದ ಉದ್ದೇಶಕ್ಕೆ ಮಾತ್ರ ಬಳಸಲು ಒಪ್ಪಿರುತ್ತೇನೆ. ಪ್ರಾಯೋಜಕರು ಅಥವಾ ಇತರರೊಂದಿಗೆ ಹಂಚಿಕೊಳ್ಳಲು, ಆಕೆಯ ಭಾವಚಿತ್ರವನ್ನು ಪ್ರಚಾರಕ್ಕೆ ಬಳಸಲು ಒಪ್ಪಿಗೆ ಇರುವುದಿಲ್ಲ. ಫಲಿತಾಂಶ ಪ್ರಕಟವಾದ 60 ದಿನಗಳೊಳಗೆ ವೈಯಕ್ತಿಕ ವಿವರಗಳನ್ನು ಅಳಿಸಿ ತಿಳಿಸಬೇಕೆಂದು ಕೋರುತ್ತೇನೆ."

60 ದಿನ ಅನ್ನೋದು ನಾನು ಹಾಕೋ ಲೆಕ್ಕ, ಕಾನೂನಿನ ಅಂಕಿ ಅಲ್ಲ.

ಹಂತ 8. ಕಳಿಸಿದ ಮೇಲೆ, ಗೆದ್ದ ಮೇಲೆ

ನೀವು ತುಂಬಿದ ಫಾರ್ಮ್‌ನ, ನಿಯಮಗಳ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಆ ಪುಟ ಇರತ್ತೆ ಅಂತ ಗ್ಯಾರಂಟಿ ಇಲ್ಲ. "ನಿಮ್ಮ ಮಗು ಗೆದ್ದಿದೆ" ಅಂತ ಫೋನ್ ಬಂದ್ರೆ ಖುಷಿಯಲ್ಲಿ ಯಾವ ಲಿಂಕೂ ಒತ್ಬೇಡಿ. ಬಹುಮಾನ ಕೊಡೋಕೆ ಅವರಿಗೆ ಒಟಿಪಿ ಬೇಡ, ದುಡ್ಡು ಬರೋಕೆ ಯುಪಿಐ ಪಿನ್ ಹಾಕೋ ಪ್ರಶ್ನೆಯೇ ಇಲ್ಲ, "ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ" ಅಂದ್ರೆ ಅಲ್ಲಿಗೇ ಕಟ್ ಮಾಡಿ. ನಗದು ಬಹುಮಾನ ದೊಡ್ಡದಾದ್ರೆ ಟ್ಯಾಕ್ಸ್‌ಗೋಸ್ಕರ ಪ್ಯಾನ್, ಬ್ಯಾಂಕ್ ವಿವರ ಕೇಳಬಹುದು, ಅದು ನ್ಯಾಯವೇ, ಹಂತ 1ರಲ್ಲಿ ಖಾತ್ರಿ ಮಾಡ್ಕೊಂಡ ನಂಬರ್‌ಗೆ ನೀವೇ ಫೋನ್ ಮಾಡಿ ಕೊಡಿ.

ಫಲಿತಾಂಶ ಮುಗಿದ ಮೇಲೆ ಒಂದು ಮೇಲ್ ಹಾಕಿ: "ಸ್ಪರ್ಧೆ ಮುಗಿದಿರುವುದರಿಂದ ನನ್ನ ಮಗುವಿನ ವಿವರಗಳನ್ನು ನಿಮ್ಮ ಫಾರ್ಮ್, ಶೀಟ್ ಹಾಗೂ ತೀರ್ಪುಗಾರರ ಬಳಿ ಇರುವ ಪ್ರತಿಗಳಿಂದ ಅಳಿಸಿ ದಯವಿಟ್ಟು ಖಚಿತಪಡಿಸಿ." ತೀರ್ಪುಗಾರರ ಬಳಿ ಅನ್ನೋದನ್ನ ಬಿಡ್ಬೇಡಿ.

ಸ್ಪರ್ಧೆ ನಡೆಸೋ ಟೀಚರ್‌ಗಳಿಗೆ

ನೀವು ಕೆಟ್ಟ ಉದ್ದೇಶದಿಂದ ಮಾಡಲ್ಲ ಅಂತ ಗೊತ್ತು, ಆದ್ರೆ ಸೋರಿಕೆ ಜಾಸ್ತಿ ಆಗೋದು ಇಲ್ಲೇ. ಗೂಗಲ್ ಫಾರ್ಮ್ ಸೆಟ್ಟಿಂಗ್ಸ್‌ನಲ್ಲಿ ಫಲಿತಾಂಶದ ಸಾರಾಂಶ ತೋರಿಸೋ ಆಯ್ಕೆ ಆನ್ ಆಗಿದ್ರೆ ಫಾರ್ಮ್ ತುಂಬಿದ ಪ್ರತಿಯೊಬ್ರಿಗೂ ಉಳಿದವರ ಉತ್ತರ ಕಾಣತ್ತೆ, ಆಫ್ ಮಾಡಿ. ಉತ್ತರಗಳ ಶೀಟನ್ನ "ಲಿಂಕ್ ಇರೋ ಯಾರಾದ್ರೂ" ಅಂತ ಶೇರ್ ಮಾಡ್ಬೇಡಿ, ಇಮೇಲ್ ಹೆಸರಿಟ್ಟು ಕೊಡಿ. ತೀರ್ಪುಗಾರರಿಗೆ ಎಂಟ್ರಿ ನಂಬರ್ ಮತ್ತೆ ಫಿಲ್ಮ್ ಲಿಂಕ್ ಇರೋ ಬೇರೆ ಶೀಟ್ ಮಾಡಿ, ತೀರ್ಪೂ ನಿಷ್ಪಕ್ಷಪಾತ ಆಗತ್ತೆ. ದಾಖಲೆಗಳನ್ನ ವಾಟ್ಸಾಪ್ ಗ್ರೂಪ್‌ಗೆ ಹಾಕಿಸ್ಬೇಡಿ, ನೂರು ಜನರ ಗ್ಯಾಲರಿಗೆ ಅದು ತಾನಾಗೇ ಇಳಿಯತ್ತೆ, ಆಮೇಲೆ ಡಿಲೀಟ್ ಮಾಡಿ ಏನೂ ಉಪಯೋಗ ಇಲ್ಲ. ವಿಜೇತರ ಪಟ್ಟಿಯಲ್ಲಿ ಹೆಸರು, ತರಗತಿ, ತಾಲೂಕು ಸಾಕು. ಎಲ್ಲಾ ಮುಗಿದ ಮೇಲೆ ಡ್ರೈವ್‌ನಿಂದ ಅಳಿಸಿ, ಟ್ರ್ಯಾಷ್‌ನಲ್ಲಿ 30 ದಿನ ಹಾಗೇ ಇರತ್ತೆ, ಅದನ್ನೂ ಖಾಲಿ ಮಾಡಿ.

ತೊಂದರೆ ಆಗಿಹೋಗಿದ್ರೆ

ಮೊದಲು ಮಗುವಿನ ಮೇಲೆ ರೇಗ್ಬೇಡಿ, ಯಾರು ಏನ್ ಕಳಿಸಿದ್ರು ಅಂತ ಪೂರ್ತಿ ಗೊತ್ತಾಗೋದು ಅದು ಬಾಯಿಬಿಟ್ರೆ ಮಾತ್ರ. ಫೋಟೋ ಎಲ್ಲಾದ್ರೂ ದುರ್ಬಳಕೆ ಆಗಿದ್ರೆ ಮೆಸೇಜ್, ಪ್ರೊಫೈಲ್, ಲಿಂಕ್‌ನ ಪೂರ್ತಿ ವಿಳಾಸ ಉಳಿಸ್ಕೊಂಡು ಆಮೇಲೆ ಬ್ಲಾಕ್ ಮಾಡಿ, ಮೊದಲೇ ಬ್ಲಾಕ್ ಮಾಡಿದ್ರೆ ಸಾಕ್ಷಿ ಕೈತಪ್ಪಬಹುದು. ಅಶ್ಲೀಲವಾಗಿ ತಿರುಚಿದ ಚಿತ್ರ ಆದ್ರೆ ಅದನ್ನ ನೆಂಟರಿಗೆ, ಗ್ರೂಪಿಗೆ "ನೋಡಿ ಹೀಗಾಗಿದೆ" ಅಂತ ಕೂಡ ಕಳಿಸ್ಬೇಡಿ, ಮಕ್ಕಳ ಅಂಥ ಚಿತ್ರ ಹಂಚೋದೇ ಅಪರಾಧ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಆ ದುಡ್ಡು ತಡೆಹಿಡಿಯೋ ಸಾಧ್ಯತೆ ಅಷ್ಟು ಜಾಸ್ತಿ. ಮಗುವಿಗೆ ಯಾರಾದ್ರೂ ಬೆದರಿಕೆ ಹಾಕ್ತಿದ್ರೆ 1098, ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರತ್ತೆ, ಮಗುವೇ ನೇರವಾಗಿ ಫೋನ್ ಮಾಡಿ ಮಾತಾಡಬಹುದು. ಈ ಎರಡು ನಂಬರ್ ಮಗುವಿನ ಫೋನಲ್ಲಿ, ಫೋನ್ ಇಲ್ಲ ಅಂದ್ರೆ ಸ್ಕೂಲ್ ಡೈರಿಯ ಮೊದಲ ಪುಟದಲ್ಲಿ ಇವತ್ತೇ ಬರೆಸಿಡಿ.